ಎಡಗಡೆಯೂ ಹುಡುಕಿದರಂತೆ

ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ. ಬೇಕರಿ ಕೆಲಸಕ್ಕೆ ಹೊರಟಿದ್ದೇನೆ, ಮಧ್ಯಾಹ್ನ ಎರಡಕ್ಕೆ ಬರುತ್ತೇನೆ.

ಏನಾದರೂ ತಿಂದ ಮೇಲೆಯೇ ಮಾತ್ರೆ ತಗೋ. ಐಸನ್ನು ಬಟ್ಟೆಯಲ್ಲಿ ಸುತ್ತಿಕೋ, ನಿನ್ನೆಯ ಹಾಗೆ ನೇರವಾಗಿ ಹೊಲಿಗೆಯ ಮೇಲೆ ಇಡಬೇಡ. ಹಲಗೆ, ಗರಗಸ ಏನನ್ನೂ ಎತ್ತಬೇಡ. ಕುರ್ಚಿ ಮಾಡಲು ಕೊಟ್ಟವರು ಕಾಯಲಿ.

ಅತ್ತೆ ಹತ್ತಕ್ಕೆ ಬರುತ್ತಾರೆ. ಅವರ ಹತ್ತಿರ ನಿನಗೆ ಹರ್ನಿಯಾ ಆಪರೇಷನ್ ಅಂದಿದ್ದೇನೆ. ನೀನು ಬೆನ್ನುನೋವು ಅಂತ ಇನ್ನೊಂದು ಕಥೆ ಕಟ್ಟಬೇಡ, ದಮ್ಮಯ್ಯ.

ಡಾಕ್ಟರು ನಿನ್ನೆ ಸಂಜೆಯೇ ಫೋನ್ ಮಾಡಿದ್ದರು. ನೀನು ಮಂಪರಿನಲ್ಲಿದ್ದೆ, ಆಮೇಲೆ ಹೇಳಲು ನನಗೆ ಬಾಯಿ ಬರಲಿಲ್ಲ. ಬಲಗಡೆಯ ವೃಷಣದಲ್ಲಿ ಏನೂ ಸಿಗದೆ ಎಡಗಡೆಯದನ್ನೂ ಕೊಯ್ದು, ಮೈಕ್ರೋಸ್ಕೋಪಿನಲ್ಲಿ ಮೂರು ಗಂಟೆ ಹುಡುಕಿದರಂತೆ. ಒಂದೇ ಒಂದು ವೀರ್ಯಾಣುವೂ ಇಲ್ಲ. ಇನ್ನೊಮ್ಮೆ ಕೊಯ್ದರೂ ಪ್ರಯೋಜನವಿಲ್ಲ ಅಂದರು. ನನ್ನ ಇಂಜೆಕ್ಷನ್ನುಗಳನ್ನೂ ನಿಲ್ಲಿಸಬೇಕಂತೆ. ನನ್ನ ಅಂಡಾಣು ತೆಗೆದು ಇನ್ನೇನು ಮಾಡುವುದು.

ಇವತ್ತು ಆರಕ್ಕೆ ಅಲಾರಾಂ ಹೊಡೆಯಿತು. ಎದ್ದು, ಫ್ರಿಜ್ಜಿನಿಂದ ಔಷಧಿ ತೆಗೆದು, ಪ್ರತಿದಿನದ ಹಾಗೆ ಹೊಟ್ಟೆಗೆ ಚುಚ್ಚಿಕೊಂಡುಬಿಟ್ಟೆ. ಸೂಜಿ ಹೊರಗೆ ಎಳೆದ ಮೇಲೆ ನೆನಪಾಯಿತು.

ಆ ಅಲಾರಾಂ ನೀನು ಇಟ್ಟದ್ದು, ನಿನ್ನ ಫೋನಿನಲ್ಲೇ ಇದೆ. ತೆಗೆಯೋಣ ಅಂತ ಕೈಗೆತ್ತಿಕೊಂಡೆ, ನನ್ನಿಂದ ಆಗಲಿಲ್ಲ. ನೀನೇ ತೆಗೆದುಬಿಡು.