ಐರಿಷ್ ಮೊದಲನೇ ಚಾಯ್ಸ್

ಪ್ರೇರಣಾ,

ಉಪ್ಪಿಟ್ಟು ಬಾಣಲೆಯಲ್ಲಿದೆ. ಮನೆ ಹೀಟಿಂಗ್ ಆಫ್ ಮಾಡದೆ ಹೊರಟರೆ ಈ ಸಲ ನಿಜವಾಗ್ಲೂ ಬೈತೀನಿ.

ಇಲ್ಲಿ ಯಾವ ಡಿಗ್ರಿ ಮುಗಿಸಿದ್ರೂ ಆಮೇಲೆ ಮೆಡಿಸಿನ್‌ಗೆ ಸೇರಬಹುದು ಅಂತ ನೀನು ಹೇಳ್ತಾನೇ ಇದ್ದೆ. ಐರಿಷ್ ಭಾಷೆ ಯಾಕೆ, ಬಯಾಲಜಿ ತಗೋ ಅಂತ ನಾನು ತಲೆ ತಿಂದೆ.

ನಿನ್ನೆ ನಮ್ಮ ವಾರ್ಡಲ್ಲಿ, ಮರೆವಿನ ಕಾಯಿಲೆಯಲ್ಲಿ ಇಂಗ್ಲಿಷೇ ಮರೆತು ಚಿಕ್ಕಂದಿನ ಐರಿಷ್ ಮಾತ್ರ ಉಳಿದಿರೋ ಒಬ್ಬರು ಅಜ್ಜಿ ಯಾರನ್ನೂ ಮುಟ್ಟೋಕೆ ಬಿಡಲಿಲ್ಲ. 'ಎಲ್ಲಿ ನೋಯ್ತಿದೆ' ಅಂತ ಐರಿಷ್‌ನಲ್ಲಿ ಕೇಳೋದನ್ನ ನೀನು ಊಟದ ಹೊತ್ತಲ್ಲಿ ಹಠ ಹಿಡಿದು ಕಲಿಸಿದ್ದೆಯಲ್ಲ, ಅದನ್ನೇ ಕೇಳಿದೆ. ನನ್ನ ಕೈ ಹಿಡಿದು ಹೊಟ್ಟೆ ಮೇಲೆ ಇಟ್ಕೊಂಡ್ರು. ಥ್ಯಾಂಕ್ಸ್ ಕಣಮ್ಮಾ.

ಕಾಲೇಜ್ ಅರ್ಜಿಯಲ್ಲಿ ಐರಿಷ್ ಮೊದಲನೇ ಚಾಯ್ಸ್ ಆಗೇ ಇರಲಿ. ಅಮ್ಮನಿಗೆ ನಾನು ಹೇಳ್ತೀನಿ.

ಇವತ್ತು ಆ ಅಜ್ಜಿಗೆ ಆಪರೇಷನ್. 'ಹೆದರ್ಕೋಬೇಡಿ' ಅನ್ನೋದಕ್ಕೆ ಏನನ್ಬೇಕು? ಎದ್ದ ತಕ್ಷಣ ರೆಕಾರ್ಡ್ ಮಾಡಿ ಕಳಿಸು.

ಅಪ್ಪ