ನೆಂಟರಿಗೆ ಕೊಡುವ ನೀರು

12 ಮಾರ್ಚ್ 2012, ಬೆಳಿಗ್ಗೆ

ಮತ್ತೆ ಅದೇ. ಹಸಿ ಕಸಕ್ಕೆ ಹಸಿರು ಬಕೆಟ್, ಒಣ ಕಸಕ್ಕೆ ನೀಲಿ. ಪೇಟೆಯ ಮನೆಮನೆ ಹತ್ತಿಳಿದು ಹೇಳಿಕೊಟ್ಟವರು ನಾವು, ಮಹಿಳಾ ಸಂಘಟನೆಯವರು. ಹೆಂಗಸರು ಕಲಿತರು. ಹೋಟೆಲಿನವರೂ ಕಲಿತರು. ಪಂಚಾಯತಿನ ಟಿಪ್ಪರ್ ಕಲಿಯಲಿಲ್ಲ. ಇವತ್ತು ನನ್ನ ಕಣ್ಣೆದುರೇ ಎರಡನ್ನೂ ಒಟ್ಟಿಗೆ ಸುರಿದುಕೊಂಡಿತು. ಕೇಳಿದರೆ ಡ್ರೈವರ್ ಮುತ್ತ ಹಲ್ಲು ಕಿರಿದ:

"ಪ್ರಫುಲ್ಲಕ್ಕ, ಗಾಡಿ ಒಂದೇ ಅಲ್ದಾ? ಹೊಟ್ಟಿಗ್ ಹೋದ್ಮೇಲೆ ಅನ್ನ ಬೇರೆ ಸಾರ್ ಬೇರೆ ಇರತ್ತಾ?"

ನಗು ಬಂತು. ಆಮೇಲೆ ಮೈಯೆಲ್ಲ ಉರಿಯಿತು. ಹೈವೇ ನಡುವೆ ಹೂಕುಂಡ ಸಾಲಾಗಿ ಇಟ್ಟಿದ್ದಾರೆ. ಬಸ್‌ಸ್ಟ್ಯಾಂಡಿಗೆ ಹಸಿರು ಪೇಂಟ್. "ಹಸಿರು ಪೇಟೆ" ಎಂಬ ಬೋರ್ಡಿನಲ್ಲಿ ಪಂಚಾಯತಿ ಅಧ್ಯಕ್ಷ ಭೋಜರಾಜರ ಮುಖ, ಗಿಡಕ್ಕಿಂತ ದೊಡ್ಡದು. ಕಸ ಎಲ್ಲಿ ಹೋಯಿತು? ಗೋಳಿಹಾಡಿ ಗುಡ್ಡೆಗೆ. ಗುಡ್ಡೆಯ ಬುಡದಲ್ಲಿ, ಗೇರುಬೀಜ ಕಾರ್ಖಾನೆಯಲ್ಲಿ ದುಡಿಯುವ ಬಾಗಿ ಅಕ್ಕನ ಬಾವಿ.

ಹಸಿ ಕಸವನ್ನು ಆಯಾ ವಾರ್ಡಿನಲ್ಲೇ ಗೊಬ್ಬರ ಮಾಡಿ. ಮೀನು ಮಾರ್ಕೆಟಿನದ್ದಕ್ಕೆ ಬೇರೆ ಗುಂಡಿ ತೋಡಿ. ಗುಡ್ಡೆಗೆ ಒಂದು ಲೋಡೂ ಬೇಡ. ಎಷ್ಟು ಮನವಿ ಕೊಟ್ಟೆವು! ಹೂಕುಂಡಕ್ಕೆ ದುಡ್ಡಿದೆಯಂತೆ, ಗುಂಡಿಗೆ ಇಲ್ಲವಂತೆ.

18 ಮಾರ್ಚ್, ಭಾನುವಾರ

ಗೋಳಿಹಾಡಿಗೆ ಹೋದೆ. ಗೇರುಬೀಜ ಕಾರ್ಖಾನೆಗೆ ರಜೆ, ಬಾಗಿ ಅಕ್ಕ ಮನೆಯಲ್ಲಿದ್ದರು. ಬಾವಿಗೆ ಇಣುಕಿದೆ. ಹೋದ ಮಳೆಗಾಲದಲ್ಲಿ ಗುಡ್ಡೆಯ ಕೊಳಕು ಇಳಿದದ್ದು, ಇನ್ನೂ ತಿಳಿಯಾಗಿಲ್ಲ. ಮೇಲೆ ಎಣ್ಣೆಯಂಥ ಪಸೆ. ಕೊಡಪಾನ ಎತ್ತಿದರೆ ಹಳದಿ ನೀರು, ಕೊಳೆತ ಮೀನಿನ ವಾಸನೆ. ಕುಡಿಯುವ ನೀರನ್ನು ಬೈಲು ದಾಟಿ ಆಚೆಮನೆ ಸುಂದರಿಯ ಬಾವಿಯಿಂದ ಹೊರುತ್ತಾರೆ.

ಮಗಳು ವಿನಯಾ ಏಳು ತಿಂಗಳ ಬಸುರಿ. ಬ್ರಹ್ಮಾವರದಲ್ಲಿ ಗಂಡನ ಮನೆ. ಮಾವ ಹೇಳಿದ್ದಾರಂತೆ, ಕಸದ ಗುಡ್ಡೆಯ ಬುಡಕ್ಕೆ ಸೊಸೆಯನ್ನು ಕಳಿಸುವುದಿಲ್ಲ ಅಂತ.

"ಚೊಚ್ಚಲ ಬಾಣಂತನ ಅಬ್ಬಿ ಮನೇಲೇ ಆಯ್ಕ್ ಪ್ರಫುಲ್ಲ. ಆರೆ ಅವ್ರ್ ಹೇಳೂದ್ರಂಗೂ ತಪ್ಪಿಲ್ಲೆ. ಈ ನೀರಂಗೆ ಶಿಶು ಮೀಸುಕಾತ್ತಾ?"

ಮಳೆಗೆ ಮುಂಚೆ ಲೋಡು ನಿಲ್ಲಬೇಕು. ಬಾವಿ ಬತ್ತಿಸಿ ತೊಳೆಯಬೇಕು. ಇಲ್ಲವಾದರೆ ಈ ತಾಯಿಗೆ ತನ್ನ ಮಗಳನ್ನು ಕರೆಯುವ ಹಕ್ಕೂ ಇಲ್ಲ. ಪೇಟೆಯವರು ತಿಂದು ಬಿಸಾಕಿದ್ದಕ್ಕೆ!

2 ಏಪ್ರಿಲ್, ಸಂಜೆ

"ಹಸಿರು ಪೇಟೆ" ಪ್ರಶಸ್ತಿಯ ಸ್ಪರ್ಧೆಗೆ ನಮ್ಮ ಪೇಟೆಯೂ ನಿಂತಿದೆ, ಪರಿಶೀಲನೆಗೆ ತಂಡ ಬರುತ್ತದಂತೆ. ಗುಡ್ಡೆಯ ಮೇಲೆ ರಾತ್ರೋರಾತ್ರಿ ಒಂದು ಶೆಡ್ ಎದ್ದಿದೆ. "ವೈಜ್ಞಾನಿಕ ಘಟಕ". ಒಳಗೆ ಒಂದು ಗುದ್ದಲಿ, ಒಂದು ಕುರ್ಚಿ.

ನಾನೊಂದು ಉಪಾಯ ಹೂಡಿದೆ. ಕಾರು ತಿರುಗಿಸಲು ಜಾಗವಿರುವುದು ಬಾಗಿ ಅಕ್ಕನ ಅಂಗಳದಲ್ಲಿ ಮಾತ್ರ. ಇಳಿಯಲೇಬೇಕು. ಇಳಿದವರನ್ನು ಜಗಲಿಗೆ ಕರೆಯುವುದು, ನಮ್ಮಲ್ಲಿ ಮಾಡುವ ಹಾಗೆ ಮೊದಲು ಬೆಲ್ಲ-ನೀರು ಕೊಡುವುದು. ಅದೇ ಬಾವಿಯ ನೀರು. ಕೊಟ್ಟ ನೀರು ಬೇಡವೆಂದರೆ ಮನೆಗೆ ಅವಮಾನ ಮಾಡಿದ ಹಾಗೆ. ಕುಡಿಯುವ ಧೈರ್ಯವಂತೂ ಇರಲಿಕ್ಕಿಲ್ಲ. ಪತ್ರಿಕೆಯ ಅನೂಪ್ ಕ್ಯಾಮೆರಾ ತರುತ್ತಾನೆ.

ಸುಂದರಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. "ಬೆಲ್ಲ ದೊಡ್ಡ ಉಂಡೆ ಇಡಿ ಅಕ್ಕ. ಬಾಯಿ ಕಟ್ಟಿ ಹೋಯ್ಲಿ ಅವ್ರಿಗೆ!"

ಬಾಗಿ ಅಕ್ಕ ನಗಲಿಲ್ಲ. ಹೂಂ ಎಂದರು.

9 ಏಪ್ರಿಲ್, ಮಧ್ಯಾಹ್ನ

ಈಗಷ್ಟೇ ಗೋಳಿಹಾಡಿಯಿಂದ ಬಂದೆ. ಬರೆದುಬಿಡುತ್ತೇನೆ.

ಬಂದರು. ತಂಡದವರು, ಹಿಂದೆ ಅಧ್ಯಕ್ಷರು. "ಬನಿ ಬನಿ, ಕೂಕಣಿ" ಎಂದು ಬಾಗಿ ಅಕ್ಕ ಚಾಪೆ ಹಾಸಿದರು. ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು. ಭೋಜರಾಜರು ನನ್ನ ಮುಖ ನೋಡಿದರು. ಗೊತ್ತಾಗಿತ್ತು ಅವರಿಗೆ. ಚೊಂಬು ಎತ್ತಿದರು. ಮೂಸಿದರು. ತಲೆ ಹಿಂದಕ್ಕೆ ಚೆಲ್ಲಿ ಗಟಗಟ ಅಷ್ಟನ್ನೂ ಕುಡಿದರು. ಮೀಸೆ ಒರೆಸಿಕೊಂಡರು.

"ಹ್ವಾಯ್, ಎಳನೀರ್ ಕಂಡಾಂಗಿತ್ತ್! ಇದ್ಕಾ ಇಷ್ಟ್ ಬೊಬ್ಬಿ?"

ಕ್ಯಾಮೆರಾ ಕ್ಲಿಕ್. ತಂಡದವರು ತಲೆದೂಗಿದರು. ಹೋದರು.

ಅಡುಗೆಮನೆಗೆ ನುಗ್ಗಿದೆ. ಬಾಗಿ ಅಕ್ಕ ಬೆನ್ನು ತಿರುಗಿಸಿ ಚೊಂಬು ತೊಳೆಯುತ್ತಿದ್ದರು.

"ಅದು ಯಾವ ನೀರು?"

"ಸುಂದ್ರಿ ಬಾವಿದ್."

"ಎಂತಕೆ ಬಾಗಿ ಅಕ್ಕ? ಎಂತಕೆ?"

"ಜಗ್ಲಿಗ್ ಬಂದವ್ರಿಗೆ ಆ ನೀರ್ ಕೊಡುಕಾತ್ತಾ ಮಾರಾಯ್ತಿ? ತುಂಬ್ಸುಕ್ ಹೋದೆ. ಕೈ ಹೋಯ್ಲಿಲ್ಲೆ. ಅವ್ರ್ ಕೆಟ್ಟವ್ರಾರೆ ಅವ್ರಿಗಾಯ್ತ್. ಜಗ್ಲಿ ನಂದಲ್ದಾ?"

ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ನಿಮ್ಮ ನೆಂಟಸ್ತಿಕೆಗೆ ಬೆಂಕಿ ಬೀಳಲಿ ಎಂದೆ. ಅವರು ಚೊಂಬು ಕವುಚಿಟ್ಟರು. ಊಟಕ್ಕೆ ಕರೆದರು. ಉಣ್ಣದೆ ಬಂದೆ.

10 ಏಪ್ರಿಲ್

ಫೋಟೋ ಮುಖಪುಟದಲ್ಲೇ. "ಗೋಳಿಹಾಡಿ ಬಾವಿ ನೀರು ಶುದ್ಧ: ಕುಡಿದೇ ತೋರಿಸಿದ ಅಧ್ಯಕ್ಷರು". ಅನೂಪನಿಗೆ ಫೋನ್ ಮಾಡಿದೆ. "ಅಕ್ಕ, ಕಂಡದ್ದ್ ಬರ್ದೆ. ಕಾಣದ್ದ್ ಹ್ಯಾಂಗ್ ಬರುದ್?"

ಫೋನ್ ಕುಕ್ಕಿದೆ.

28 ಏಪ್ರಿಲ್

ಪೇಟೆಗೆ ಪ್ರಶಸ್ತಿ. ಪಟಾಕಿ ಹೊಡೆದರು. ಪಟಾಕಿಯ ಕಸವೂ ಟಿಪ್ಪರ್ ಹತ್ತಿ ಗುಡ್ಡೆಗೇ ಹೋಯಿತು. ಈಗ ದಿನಕ್ಕೆ ಎರಡೆರಡು ಟ್ರಿಪ್. ನೀರು ಶುದ್ಧವಲ್ಲವೇ, ಮತ್ತೆಂಥ ಹೆದರಿಕೆ?

ಸಂಜೆ ಬಾಗಿ ಅಕ್ಕನೇ ಬಂದರು. ಅವತ್ತಿನಿಂದ ಮಾತಿರಲಿಲ್ಲ. ಬೀಗರು ಪತ್ರಿಕೆ ಓದಿದ್ದಾರೆ. ನೀರು ಸರಿಯಾಯಿತಲ್ಲ, ಸಂತೋಷ, ಬರುವ ವಾರ ಸೊಸೆಯನ್ನು ಕಳಿಸುತ್ತೇವೆ ಎಂದು ಫೋನ್.

"ಸತ್ಯ ಹೇಳಿದ್ರಾ ನೀವು?"

"ಹೇಳ್ದೆ. ಅದ್ ನಮ್ ಬಾವಿ ನೀರಲ್ಲ ಅಂದೆ. ಬಾಣಂತನದ್ ಖರ್ಚಿಗ್ ಹೆದ್ರಿ ಸುಳ್ಳ್ ಹೇಳ್ತ್ರ್ ಅಂದ್ರ್ ಬೀಗ್ರ್." ಸೆರಗನ್ನು ಬಾಯಿಗೆ ಒತ್ತಿಕೊಂಡರು. "ನನ್ನ್ ಮಗ್ಳ್ ಕೇಂತಿತ್ತ್ ಪ್ರಫುಲ್ಲ, ಅಬ್ಬಿಗೆ ನಾನ್ ಬಪ್ದ್ ಬ್ಯಾಡ್ದಾ ಅಂದ್ಹೇಳಿ."

ಸುಳ್ಳು ಮುಖಪುಟದಲ್ಲಿ. ಸತ್ಯ ಹೇಳಿದವಳು ಜಿಪುಣಿ. ಥೂ!

6 ಮೇ, ಭಾನುವಾರ

ವಿನಯಾ ಬಂದಳು. ತುಂಬಿದ ಹೊಟ್ಟೆ, ಬಿಸಿಲಿಗೆ ಕೆಂಪೇರಿದ ಮುಖ. ನಾವು ಬ್ಯಾಗ್ ಇಳಿಸುವಷ್ಟರಲ್ಲಿ ನೇರ ಬಾವಿಕಟ್ಟೆಗೆ ಹೋಗಿ, ಸಣ್ಣವಳಿದ್ದಾಗಿನಿಂದ ಮಾಡಿದ ಹಾಗೆ ಕೊಡಪಾನ ಎಳೆದು ಮುಖಕ್ಕೆ ರಾಚಿಕೊಂಡಳು. ನಿಂತುಬಿಟ್ಟಳು.

"ಅಬ್ಬೀ... ಇದೆಂತ ವಾಸ್ನಿ?"

ಓಡಿದ ಬಾಗಿ ಅಕ್ಕ ಕೊಡಪಾನ ಕಿತ್ತುಕೊಂಡರು. ಸೆರಗಿನಿಂದ ಮಗಳ ಮುಖ ಒರೆಸಿದರು. ಚರ್ಮ ಕಿತ್ತು ಹೋಗುವ ಹಾಗೆ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿದರು. ಆ ಕಣ್ಣು ನಾನು ಇಷ್ಟು ವರ್ಷ ಯಾವ ಧರಣಿಯಲ್ಲೂ ನೋಡಿಲ್ಲ.

"ಗಾಡಿ ನಾಳೆ ಎಷ್ಟೊತ್ತಿಗ್ ಬಪ್ದ್?"

7 ಮೇ, ಹನ್ನೊಂದು ಗಂಟೆ. ಗುಡ್ಡೆ ರಸ್ತೆಯ ತಿರುವು

ಇಲ್ಲೇ ಕೂತು ಬರೆಯುತ್ತಿದ್ದೇನೆ. ಕಾರ್ಖಾನೆಗೆ ಹೋಗುವ ಹೆಂಗಸರೆಲ್ಲ ಕೆಲಸ ಬಿಟ್ಟು ರಸ್ತೆಗೆ ಅಡ್ಡ ಕೂತಿದ್ದಾರೆ. ನಾನು ಕರೆದದ್ದಲ್ಲ. ಬಾಗಿ ಅಕ್ಕ ಬೆಳಿಗ್ಗೆ ಮನೆಮನೆಗೆ ಹೋಗಿದ್ದರು. ಮುತ್ತ ಇಂಜಿನ್ ಆಫ್ ಮಾಡಿ ನೆರಳು ಹುಡುಕಿಕೊಂಡ. "ನಂಗ್ ಇಂದ್ ರಜೆ."

ಅಧ್ಯಕ್ಷರು ಬಂದರು. "ಎಂತ ಬಾಗಿ? ಅಂದ್ ಬೆಲ್ಲ ಕೊಟ್ರಿ, ಇಂದ್ ರಸ್ತೆ ತಡಿತ್ರ್ಯಾ?"

ಬಾಗಿ ಅಕ್ಕ ಎದ್ದರು. ಪಕ್ಕದಲ್ಲಿದ್ದ ಕೊಡಪಾನವನ್ನು ಡಾಂಬರಿನ ಮೇಲೆ ಕುಕ್ಕಿದರು.

"ಅಂದ್ ನನ್ನ್ ಜಗ್ಲಿಗ್ ಬಂದಿರಿ. ನೆಂಟ್ರ್. ಕುಡ್ದದ್ದ್ ಸುಂದ್ರಿ ಬಾವಿ ನೀರ್. ಇದ್ ರಸ್ತೆ. ಇಲ್ಲ್ ನೀವ್ ನನ್ನ್ ನೆಂಟ್ರಲ್ಲ. ಇದ್ ನನ್ನ್ ಬಾವಿದ್. ಕುಡಿನಿ."

"ಬೆಲ್ಲ ಇಲ್ಯಾ?" ಎಂದು ನಗಲು ನೋಡಿದರು.

"ಇಲ್ಲೆ."

ಅನೂಪ್ ಕ್ಯಾಮೆರಾ ಎತ್ತಿದ. ಭೋಜರಾಜರು ಬಗ್ಗಿದರು. ಮೂಗು ಹತ್ತಿರ ಹೋದದ್ದೇ ತಡ, ಮುಖ ಹಿಂದಕ್ಕೆ ಎಳೆದುಕೊಂಡರು. ಕರ್ಚೀಫ್ ತೆಗೆದರು. "ಪೊಲೀಸ್ ಕರೆಸ್ತೆ" ಎಂದು ಕಾರು ಹತ್ತಿದರು.

ಕೆಳಗೆ ಮೀನು ಮಾರ್ಕೆಟಿನಲ್ಲಿ ಎತ್ತದ ಕಸ ರಸ್ತೆಗೇ ಬಂದಿದೆಯಂತೆ. ಪೇಟೆಯ ಕಸ ಇವತ್ತು ಪೇಟೆಯಲ್ಲೇ. ಬಿಸಿಲಿಗೆ ಕೊಳೆಯಲಿ. ಅಧ್ಯಕ್ಷರ ವಾರ್ಡಿನವರೂ ಮೂಗು ಮುಚ್ಚಿಕೊಳ್ಳಲಿ. ಗುಂಡಿ ತೋಡಲು ಆಗ ದುಡ್ಡು ಹುಟ್ಟುತ್ತದೆ.

ಜೀಪಿನ ಸದ್ದು. ಬಂದರು. ಬಾಗಿ ಅಕ್ಕ ಕೊಡಪಾನ ಸೊಂಟಕ್ಕೆ ಏರಿಸಿಕೊಂಡು ಎಲ್ಲರಿಗಿಂತ ಮುಂದೆ ಹೋಗಿ ನಿಂತರು. ಪುಸ್ತಕ ಮುಚ್ಚಿ ನಾನೂ ಏಳುತ್ತೇನೆ.