ಹಿಟ್ಟಿನ ಮೂಟೆಗಳ ಗೋರಿ

ಸೇಂಟ್ ಲೂಯಿ
9 ಅಕ್ಟೋಬರ್ 1822

ಪ್ರೀತಿಯ ಹುಲ್ಡಕ್ಕ,

ಮೊದಲು ಎಲ್ಲಾದರೂ ಕುಳಿತುಕೋ. ಈ ಅಕ್ಷರ ನನ್ನದೇ. ನಿನ್ನ ತಮ್ಮ ಜೋಥಮ್ ಸತ್ತಿಲ್ಲ. ನೀನು ಕಪ್ಪು ಬಟ್ಟೆ ತೊಟ್ಟು ಅತ್ತದ್ದೆಲ್ಲ ದಂಡ. ಅದಕ್ಕೆ ಕಾರಣ ನಾನೇ, ಬೇರೆ ಯಾರನ್ನೂ ಬೈಯಬೇಡ.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ನಮ್ಮ ತಂಡ ಮಿಸೌರಿ ನದಿಯಲ್ಲಿ ದೋಣಿ ಮುಂದೆ ಹೋಗದ ಜಾಗ ಮುಟ್ಟಿತು. ಅಲ್ಲಿಂದ ಬೆಟ್ಟ ಹತ್ತಿ ಆಚೆಯ ದಾರಿ ಹುಡುಕಬೇಕಿತ್ತು. ಹಿಂದಿರುಗುವಾಗ ಬೇಕಾಗುತ್ತದೆಂದು ಹಿಟ್ಟು, ಉಪ್ಪು ಹಾಕಿದ ಹಂದಿಮಾಂಸ, ಕೋವಿಮದ್ದು ಎಲ್ಲವನ್ನೂ ಗುಂಡಿಯಲ್ಲಿ ಹೂತೆವು. ತುಪ್ಪಳದ ವ್ಯಾಪಾರಿಗಳು ಕಂಡರೆ ಅಗೆದು ಒಯ್ಯುತ್ತಾರೆ. ಹಾಗಾಗಿ ಆ ಕಡೆ ಓಡಾಡುವವರು ಮೇಲೆ ದಿಬ್ಬ ಎಬ್ಬಿಸಿ ಶಿಲುಬೆ ನೆಡುತ್ತಾರೆ. ಗೋರಿಗೆ ಯಾರೂ ಗುದ್ದಲಿ ಹಾಕುವುದಿಲ್ಲ.

ಶಿಲುಬೆಗೆ ಹೆಸರು ಬೇಕಲ್ಲ. ಬಾಯಿಗೆ ಬಂದ ಹೆಸರು ಕೆತ್ತಿದರೆ ಆ ಹೆಸರಿನವನು ಎಲ್ಲೋ ಸತ್ತುಬಿಟ್ಟಾನು ಎಂದು ಎಲ್ಲರಿಗೂ ಅಳುಕು. ಚಾಕು ನನ್ನ ಕೈಯಲ್ಲಿತ್ತು. ದೋಣಿ ನಡೆಸುವ ಲೆರೂ, "ನಿಂದೇ ಬರ್ಕೊಳೋ. ಬೆಳಗಾದ್ರೆ ಹೆಂಡ್ತಿ ಹೆಂಡ್ತಿ ಅಂತ ಹೆಂಗೂ ಸಾಯ್ತಿದೀಯಲ್ಲ," ಎಂದು ಛೇಡಿಸಿದ. ನಾನೂ ನಗುತ್ತ ಹೆಸರು, ಊರು, ಜ್ವರದಿಂದ ತೀರಿಕೊಂಡ ತಾರೀಕು ಎಲ್ಲ ಕೆತ್ತಿದೆ. ನನ್ನ ಅಕ್ಷರ ಚೆಂದವೆಂಬ ಜಂಬ ಬೇರೆ.

ಈ ಜೂನಿನಲ್ಲಿ ಬೆಟ್ಟದಿಂದ ಇಳಿದು ಬಂದಾಗ ದಿಬ್ಬದ ಸುತ್ತ ಯಾರೋ ಕಲ್ಲು ಜೋಡಿಸಿದ್ದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಪುಣ್ಯಾತ್ಮರೇ ನನ್ನ ಡೋರ್ಕಸ್‌ಗೂ ಸುದ್ದಿ ಮುಟ್ಟಿಸಿದ್ದರೆಂದು ತಿಳಿದದ್ದು ಸೆಪ್ಟೆಂಬರಿನಲ್ಲಿ, ನಮ್ಮೂರಿನ ಎದುರು ದಡದಲ್ಲಿ. ಹೊಳೆ ದಾಟಿಸುವವನು ಹೊಸಬ, ನನ್ನ ಗುರುತಿಲ್ಲ. ಸತ್ತ ಜೋಥಮನ ಹೆಂಡತಿ ಒಂದು ವರ್ಷ ದುಃಖದಲ್ಲಿ ಕಳೆದು ಪೀಪಾಯಿ ಮಾಡುವ ಸೈಲಸ್‌ನನ್ನು ಮದುವೆಯಾದಳು, ಆಗಸ್ಟಿನಲ್ಲಿ ಹೆಣ್ಣು ಮಗುವಾಯಿತು ಎಂದು ಅವನೇ ಹೇಳಿದ.

ಅಕ್ಕ, ನಾನು ಹೊಳೆ ದಾಟಲಿಲ್ಲ, ಅಲ್ಲಿಂದಲೇ ಹಿಂದಿರುಗಿದೆ. ನಾನು ಬದುಕಿದ್ದೇನೆಂದರೆ ಆ ಮದುವೆ ಮದುವೆಯಲ್ಲ, ಆ ಕೂಸಿಗೆ ಅಪ್ಪನ ಹೆಸರಿಲ್ಲ. ಸೈಲಸ್ ಕೆಟ್ಟವನಾಗಿದ್ದರೆ ಸುಲಭವಿತ್ತು. ಎರಡು ಚಳಿಗಾಲ ಕುದುರೆಮಾಂಸ ತಿಂದು ಜೀವ ಹಿಡಿದದ್ದು ಅವಳಿಗಾಗಿಯೇ. ಈಗ ಯಾಕೆ ಹಿಡಿದೆನೋ ಅನ್ನಿಸುತ್ತದೆ.

ವಸಂತದಲ್ಲಿ ಮತ್ತೊಂದು ತಂಡ ಪಡುವಣಕ್ಕೆ ಹೊರಡುತ್ತದೆ. ಅದರಲ್ಲಿ ಬೇರೆ ಹೆಸರು ಬರೆಸಿದ್ದೇನೆ. ನೀನೊಬ್ಬಳು ತಿಳಿದಿರು. ಡೋರ್ಕಸ್ ನಿನ್ನ ಮನೆಗೆ ಬಂದರೆ ಬಾಯಿ ಬಿಡಬೇಡ, ಮಗುವನ್ನು ಎತ್ತಿಕೋ.

ನಿನ್ನ ತಮ್ಮ,
ಜೋಥಮ್

ತಾ. ಕ.: ಹೊಳೆ ದಾಟಲಿಲ್ಲವೆಂದದ್ದು ಸುಳ್ಳು. ಹಿಮ ಕಡಿದು ನನ್ನ ಮೂಗು, ಕೆನ್ನೆ ಕಪ್ಪಾಗಿವೆ, ಗಡ್ಡ ಎದೆಗಿಳಿದಿದೆ. ದಾರಿಹೋಕನಂತೆ ಅವಳ ಬಾಗಿಲಲ್ಲಿ ನಿಂತು ನೀರು ಕೇಳಿದೆ. ಮಜ್ಜಿಗೆ, ಮೆಕ್ಕೆಜೋಳದ ರೊಟ್ಟಿ ಕೊಟ್ಟಳು. ನನ್ನ ತೊಗಲಿನ ಅಂಗಿ ನೋಡಿ, "ಪಡುವಣದಿಂದ ಬಂದ್ರಾ? ನಮ್ಮ ಮೊದಲಿನ ಯಜಮಾನ್ರ ಗೋರಿ ಆ ಕಡೆ ಹೊಳೆ ಪಕ್ಕದಲ್ಲೇ ಇದೆಯಂತೆ," ಎಂದಳು. ನೋಡಿದ್ದೇನೆ, ಸುತ್ತ ಕಲ್ಲು ಜೋಡಿಸಿದ್ದಾರೆ ಎಂದೆ. ಲೋಟಕ್ಕೆ ಮತ್ತಷ್ಟು ಮಜ್ಜಿಗೆ ಸುರಿಯುತ್ತ ಕೇಳಿದಳು: "ಅಲ್ಲಿ ಮಳೆನೀರು ನಿಲ್ಲುತ್ತಾ? ಅವ್ರಿಗೆ ಕಾಲು ಒದ್ದೆಯಾದ್ರೆ ಆಗ್ತಿರ್ಲಿಲ್ಲ." ಎತ್ತರದ ಜಾಗ ತಾಯಿ, ನಿಲ್ಲುವುದಿಲ್ಲ ಎಂದೆ. ಅವಳಿಗೆ ಸಮಾಧಾನವಾಯಿತು, ಅಕ್ಕ.